ತಾಳ ತಪ್ಪಿದ್ದೆಲ್ಲಿ?

ಕುಂಬಳೆಯ ಬೆಡಿಯನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಜನಸಂದಣಿಗೆ ಅಂಜಿ ದೂರದ ಗುಡ್ಡದ ಮೇಲೆ ನಿಂತು ನೋಡಿದವರಿಗಂತೂ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಆಕಾಶದಲ್ಲಿ ಬೆಳಕಿನ ಹೂವು ಅರಳಿ ಬಾಡತೊಡಗಿದ ಮೇಲೆಯೇ ಅದರ ಸದ್ದು ನಮ್ಮನ್ನು ಮುಟ್ಟುವುದು. ಬೆಳಕಿನ ಓಟದ ಮುಂದೆ ಸದ್ದು ಎತ್ತಿನ ಗಾಡಿಯಿದ್ದಂತೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅದು ಸೆಕೆಂಡಿಗೆ ಸುಮಾರು 350 ಮೀಟರು ಸಾಗುತ್ತದೆ, ಅಷ್ಟೆ.

ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ಮಿಲಿಸೆಕೆಂಡು ಎಂದು ಹೆಸರು. ಒಂದು ಮಿಲಿಸೆಕೆಂಡಿನಲ್ಲಿ ಸದ್ದು ಗಾಳಿಯಲ್ಲಿ ಕ್ರಮಿಸುವುದು 35 ಸೆಂಟಿಮೀಟರು, ಅಂದರೆ ಒಂದು ಅಡಿಗಿಂತ ತುಸು ಹೆಚ್ಚು. ಕರಿಹಲಗೆಯ ಬಳಿ ನಿಂತ ಅಧ್ಯಾಪಕನ ಮಾತು ಏಳು ಮೀಟರು ದೂರದ ಕೊನೆಯ ಬೆಂಚಿಗೆ ತಲಪಲು 20 ಮಿಲಿಸೆಕೆಂಡು ಬೇಕು. ಪಾಠ ತಲೆಗೆ ಹತ್ತದಿರುವುದಕ್ಕೆ ಇದೇ ಕಾರಣವೆಂದು ಕೊನೆಯ ಬೆಂಚಿನವರು ಸಂತೋಷಪಡಬೇಕಾಗಿಲ್ಲ. ಇಷ್ಟು ತಡವನ್ನು ನಮ್ಮ ಕಿವಿ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಇನ್ನು ಯಕ್ಷಗಾನದ ಹಿಮ್ಮೇಳವನ್ನು ನೋಡಿ. ಭಾಗವತರು, ಮದ್ದಳೆಯವರು, ಚೆಂಡೆಯವರು ಒಬ್ಬರ ಮಗ್ಗುಲಲ್ಲಿ ಒಬ್ಬರು ಇರುತ್ತಾರೆ. ಒಬ್ಬರ ಸದ್ದು ಇನ್ನೊಬ್ಬರಿಗೆ ತಲಪಲು ಮೂರು ನಾಲ್ಕು ಮಿಲಿಸೆಕೆಂಡು ಸಾಕು. ನಮ್ಮ ತಾಳ ಬೆಳೆದು ಬಂದುದು ಈ ಸಾಮೀಪ್ಯದಲ್ಲಿ.

ಕಂಪ್ಯೂಟರು ನಡುವೆ ಬಂದು ಕುಳಿತರೆ ಈ ಸಾಮೀಪ್ಯ ಎಷ್ಟು ದೂರವಾಗುತ್ತದೆ ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮ ಶಾಲೆಯಲ್ಲಿ ತಾಳಮದ್ದಳೆಯ ಕೆಲವು ಪದ್ಯಗಳನ್ನು ಧ್ವನಿಮುದ್ರಿಸಿ ಇಡುವ ಕೆಲಸ ನಡೆಯಿತು. ಭಾಗವತರಿಗೆ ಬಿಡುವಿದ್ದ ದಿನ ಮದ್ದಳೆಯವರಿಗೆ ಇರಲಿಲ್ಲ. ಆದುದರಿಂದ ಮೊದಲು ಪದ್ಯಗಳನ್ನು ಜಾಗಟೆಯೊಂದಿಗೆ ಮುದ್ರಿಸಿಕೊಂಡೆವು. ಮುಂದಿನ ವಾರ ಊರಿನ ಒಬ್ಬ ಹಿರಿಯ ಮದ್ದಳೆಗಾರರು ಬಂದರು. ಎಪ್ಪತ್ತು ದಾಟಿದ ವಯಸ್ಸು. ಹುಡುಗರು ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದರು. ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು, ಪದ್ಯವನ್ನು ಕೇಳುತ್ತ, ಅದಕ್ಕೆ ಸರಿಯಾಗಿ ಅವರು ಮದ್ದಳೆ ನುಡಿಸಿದರು. ನುಡಿಸುವಾಗ ಎಲ್ಲವೂ ಸರಿಯಾಗಿಯೇ ಇತ್ತು. ಕಂಪ್ಯೂಟರು ಎರಡನ್ನೂ ಸೇರಿಸಿ ಕೇಳಿಸಿದಾಗ ಮಾತ್ರ ಕೋಣೆಯಲ್ಲಿದ್ದವರೆಲ್ಲ ಸುಮ್ಮನಾದರು. ಪದ್ಯದ ಹಿಂದೆ ಮದ್ದಳೆ ಕುಂಟುತ್ತ ಬರುತ್ತಿತ್ತು. ನಿಧಾನದ ಪದ್ಯದಲ್ಲಿ ಅದು ಅಷ್ಟಾಗಿ ತೋರಲಿಲ್ಲ. ಯುದ್ಧದ ಸಂದರ್ಭದ ಪದ್ಯ ಬಂದಾಗ ಕೇಳಲು ಕಷ್ಟವಾಯಿತು.

ಇನ್ನೊಮ್ಮೆ ನುಡಿಸಿದರು. ಮತ್ತೂ ಹಾಗೆಯೇ. ಬಂದಿದ್ದ ಹಿರಿಯರೊಬ್ಬರು ಸಮಾಧಾನಕ್ಕೆಂದು, "ವಯಸ್ಸಾಯಿತಲ್ಲ, ಇರಲಿ ಬಿಡಿ" ಎಂದರು. ಇಂಥ ಸಮಾಧಾನದ ಮಾತು ಎಷ್ಟು ಹರಿತವಾದುದೆಂದು ಆಡುವವರಿಗೆ ತಿಳಿಯುವುದಿಲ್ಲ. ಅಜ್ಜ ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಮದ್ದಳೆಗೆ ಗವಸು ಹಾಕತೊಡಗಿದರು. "ಕೈ ಸೋತರೆ ಸೋಲಲಿ ಮಾಷ್ಟ್ರೇ. ಸೋತದ್ದು ನನ್ನ ಕಿವಿಗೇ ಗೊತ್ತಾಗಲಿಲ್ಲವಲ್ಲ, ಅದು ದೊಡ್ಡದು" ಎಂದರು. ಐವತ್ತು ವರ್ಷ ಮೇಳದಲ್ಲಿ ದುಡಿದವರ ಬಾಯಲ್ಲಿ ಆ ಮಾತನ್ನು ಕೇಳುವುದು ಸುಖದ ಕೆಲಸವಾಗಿರಲಿಲ್ಲ.

ಆಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ನಿಂತಿದ್ದಳು. ಧ್ವನಿಮುದ್ರಣದ ತಂತ್ರಾಂಶದಲ್ಲಿ ಸದ್ದು ಅಲೆಗಳ ಚಿತ್ರವಾಗಿ ಕಾಣುತ್ತದೆ; ಬೇಕೆಂದರೆ ಅದನ್ನು ಹಿಗ್ಗಿಸಿಯೂ ನೋಡಬಹುದು. ಮೇಲಿನ ಸಾಲಿನಲ್ಲಿ ಜಾಗಟೆಯ ಪೆಟ್ಟು, ಕೆಳಗಿನ ಸಾಲಿನಲ್ಲಿ ಮದ್ದಳೆಯ ಪೆಟ್ಟು. ಅವಳು ಪದ್ಯದ ಆರಂಭದಲ್ಲಿ, ನಡುವಿನಲ್ಲಿ, ಕೊನೆಯಲ್ಲಿ ಬೆರಳಿಟ್ಟು ಅಳೆದು, "ಎಲ್ಲ ಕಡೆಯೂ ಅಂತರ ಒಂದೇ ಉಂಟು ಮಾಷ್ಟ್ರೇ. ಅಜ್ಜನ ಕೈ ತಪ್ಪಿದ್ದಾದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗಬೇಕಲ್ಲ?" ಎಂದು ಕೇಳಿದಳು.

ನಿಜವೇ ಸರಿ. ಮನುಷ್ಯನ ತಪ್ಪಿಗೆ ಅಷ್ಟೊಂದು ಶಿಸ್ತು ಇರುವುದಿಲ್ಲ. ನಿಧಾನದ ಪದ್ಯದಲ್ಲಿಯೂ ವೇಗದ ಪದ್ಯದಲ್ಲಿಯೂ ಕೂದಲೆಳೆಯಷ್ಟೂ ಬದಲಾಗದ ತಡವನ್ನು ಉಂಟುಮಾಡಲು ಯಂತ್ರಕ್ಕೆ ಮಾತ್ರ ಸಾಧ್ಯ.

ಯಂತ್ರವೇಕೆ ತಡಮಾಡುತ್ತದೆ? ಸೇತುವೆಗಳು ಬರುವ ಮೊದಲು ಕಡವಿನಲ್ಲಿ ಹೊಳೆ ದಾಟಿದ ಹಿರಿಯರನ್ನು ಕೇಳಿದರೆ ಉತ್ತರ ಸಿಗುತ್ತದೆ. ದೋಣಿಯವನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೊರಡುವುದಿಲ್ಲ. ಹತ್ತು ಜನ ಸೇರುವ ತನಕ ಕಾಯುತ್ತಾನೆ. ಮೊದಲು ಬಂದವನು ಎಷ್ಟೇ ಅವಸರದಲ್ಲಿದ್ದರೂ ಕೊನೆಯವನು ಬಂದ ಮೇಲೆಯೇ ದೋಣಿ ಬಿಡುವುದು. ಕಂಪ್ಯೂಟರಿನ ಕ್ರಮವೂ ಇದೇ. ಮೈಕಿನಿಂದ ಬಂದ ಸದ್ದನ್ನು ಅದು ಸೆಕೆಂಡಿಗೆ 44,100 ಸಲವೋ 48,000 ಸಲವೋ ಅಳೆದು ಅಂಕೆಗಳನ್ನಾಗಿ ಮಾಡುತ್ತದೆ. ಇಂಥ ಒಂದೊಂದು ಅಳತೆಗೆ ಸ್ಯಾಂಪಲ್ ಎಂದು ಹೆಸರು. ಈ ಅಂಕೆಗಳನ್ನು ಒಂದೊಂದಾಗಿ ಸಾಗಿಸದೆ 256, 512, 1024 ಹೀಗೆ ಕಟ್ಟುಕಟ್ಟಾಗಿ ಸಾಗಿಸುತ್ತದೆ. ಕಟ್ಟು ತುಂಬುವ ಆ ದೋಣಿಗೆ ಬಫರ್ ಎನ್ನುತ್ತಾರೆ. ಸೆಕೆಂಡಿಗೆ 48,000ದಂತೆ 256 ಅಂಕೆ ತುಂಬಲು 5.3 ಮಿಲಿಸೆಕೆಂಡು ಬೇಕು. 1024 ತುಂಬಲು 21.3. ಒಳಗೆ ಬರುವಾಗ ಒಂದು ದೋಣಿ, ಹೊರಗೆ ಹೋಗುವಾಗ ಇನ್ನೊಂದು ದೋಣಿ. ಸದ್ದನ್ನು ಅಂಕೆ ಮಾಡುವ, ಅಂಕೆಯನ್ನು ಮರಳಿ ಸದ್ದು ಮಾಡುವ ಬಿಲ್ಲೆಗಳ ತಡ ಬೇರೆ. ಹಲವು ತಂತ್ರಾಂಶಗಳ ಸದ್ದುಗಳನ್ನು ಕಲಸಿ ಒಟ್ಟುಮಾಡುವ ಇನ್ನೊಂದು ಪದರದ ತಡ ಬೇರೆ. ಎಲ್ಲ ಸೇರಿದರೆ ಹತ್ತು ಮಿಲಿಸೆಕೆಂಡೂ ಆಗಬಹುದು, ಇನ್ನೂರೂ ಆಗಬಹುದು.

ಹಾಗಾದರೆ ಪುಟ್ಟ ದೋಣಿಯನ್ನೇ ಇಟ್ಟುಕೊಳ್ಳಬಾರದೆ ಎಂದು ಕೇಳಬಹುದು. ಇಟ್ಟುಕೊಳ್ಳಬಹುದು. 64 ಅಂಕೆಯ ದೋಣಿಗೆ ಕಾಯಬೇಕಾದುದು 1.3 ಮಿಲಿಸೆಕೆಂಡು ಮಾತ್ರ. ಆದರೆ ದೋಣಿಯವನು ಸೆಕೆಂಡಿಗೆ 750 ಸಲ ಹುಟ್ಟು ಹಾಕಬೇಕಾಗುತ್ತದೆ. ನಡುವೆ ಬೇರೇನಾದರೂ ಕೆಲಸ ಬಂದು ಅವನ ಕೈ ಒಂದು ಕ್ಷಣ ತಡೆದರೆ ಸದ್ದು ಚಟಪಟನೆ ಒಡೆಯುತ್ತದೆ, ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ.

ಅಜ್ಜನ ವಿಷಯಕ್ಕೆ ಬರೋಣ. ಪದ್ಯ ಅವರ ಕಿವಿಗೆ ಬಂದುದೇ ತಡವಾಗಿ. ಅದಕ್ಕೆ ಸರಿಯಾಗಿ ಅವರು ಕೊಟ್ಟ ಪೆಟ್ಟು ಕಂಪ್ಯೂಟರಿನ ಒಳಗೆ ಸೇರಿದುದು ಇನ್ನಷ್ಟು ತಡವಾಗಿ. ಅವರು ಕೇಳಿದ್ದಕ್ಕೆ ಸರಿಯಾಗಿಯೇ ಬಾರಿಸಿದ್ದರು. ಕಂಪ್ಯೂಟರು ಮಾತ್ರ ತನ್ನ ತಡವನ್ನೂ ಅವರ ಲೆಕ್ಕಕ್ಕೆ ಬರೆಯಿತು. ಇದನ್ನು ಬಾಯಲ್ಲಿ ಹೇಳಿದರೆ ಅವರು ನಂಬುತ್ತಿರಲಿಲ್ಲ. ಮನಸ್ಸು ನೋಯಬಾರದೆಂದು ಹೇಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಆದುದರಿಂದ ಅವರ ಎದುರಿನಲ್ಲಿಯೇ ಒಂದು ಪ್ರಯೋಗ ಮಾಡಿದೆವು.

ಪ್ರಯೋಗ ಸರಳವಾದುದು. ಎರಡೂ ತುದಿಗಳಲ್ಲಿ ಪಿನ್ನು ಇರುವ ಒಂದು ವಯರು ಬೇಕು. ಒಂದು ತುದಿಯನ್ನು ಹೆಡ್‌ಫೋನಿನ ತೂತಿಗೆ, ಇನ್ನೊಂದನ್ನು ಮೈಕಿನ ತೂತಿಗೆ ಸಿಕ್ಕಿಸಿದರೆ ಕಂಪ್ಯೂಟರು ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುವಂತಾಗುತ್ತದೆ. ತಂತ್ರಾಂಶದಿಂದಲೇ "ಟಕ್, ಟಕ್" ಎಂಬ ಸದ್ದುಗಳನ್ನು ತಯಾರಿಸಿ, ಅವುಗಳನ್ನು ನುಡಿಸುತ್ತ ಅದೇ ಹೊತ್ತಿಗೆ ಮುದ್ರಿಸಬೇಕು. ಅಲ್ಲಿ ಮದ್ದಳೆ ಇಲ್ಲ, ಮನುಷ್ಯನ ಕೈ ಇಲ್ಲ, ವಯಸ್ಸು ಇಲ್ಲ. ಆದರೂ ಎರಡನೆಯ ಸಾಲಿನ ಟಕ್ ಮೊದಲನೆಯ ಸಾಲಿನದಕ್ಕಿಂತ ಹಿಂದೆ ಬಿದ್ದಿತ್ತು. ಎಣಿಸಿದಾಗ 3,528 ಸ್ಯಾಂಪಲ್. ಅದನ್ನು 44,100ರಿಂದ ಭಾಗಿಸಿದರೆ 0.08 ಸೆಕೆಂಡು, ಅಂದರೆ 80 ಮಿಲಿಸೆಕೆಂಡು. ಅಜ್ಜನ ಮದ್ದಳೆ ಹಿಂದೆ ಬಿದ್ದುದೂ ಅಷ್ಟೇ. ವೇಗದ ಪದ್ಯಕ್ಕೆ ಸೆಕೆಂಡಿಗೆ ಎಂಟು ಪೆಟ್ಟು ಬೀಳುವುದಾದರೆ ಎರಡು ಪೆಟ್ಟುಗಳ ನಡುವಿನ ಕಾಲ 125 ಮಿಲಿಸೆಕೆಂಡು. 80 ಎಂದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು. ಕುಂಟಿದ್ದರಲ್ಲಿ ಆಶ್ಚರ್ಯವೇನು?

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿರುವ ಆಡಾಸಿಟಿ ಎಂಬ ಸ್ವತಂತ್ರ ತಂತ್ರಾಂಶ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಅದರ ಕೆಲಸ ಆರಂಭವಾಗಿ 2000ದಲ್ಲಿ ಜನರ ಕೈಗೆ ಬಂದಿತು. ಯಂತ್ರದ ಈ ತಡ ಅದನ್ನು ಬರೆದವರಿಗೆ ತಿಳಿಯದ ಸಂಗತಿಯೇನಲ್ಲ. ಆದುದರಿಂದ ಮುದ್ರಿಸಿದ ಸದ್ದನ್ನು 130 ಮಿಲಿಸೆಕೆಂಡು ಹಿಂದಕ್ಕೆ ಸರಿಸುವ ಒಂದು ತಿದ್ದುಪಡಿಯನ್ನು ಅದರಲ್ಲಿ ಮೊದಲೇ ಇಟ್ಟಿರುತ್ತಾರೆ. ಆದರೆ ಜಗತ್ತಿನ ಎಲ್ಲ ಕಂಪ್ಯೂಟರುಗಳಿಗೆ ಒಪ್ಪುವ ಒಂದೇ ತಿದ್ದುಪಡಿ ಇರಲಾರದು; ಒಂದೇ ಅಳತೆಯ ಅಂಗಿ ಎಲ್ಲ ಮಕ್ಕಳಿಗೂ ಆಗುವುದಿಲ್ಲ. 130 ಕಳೆದ ಮೇಲೂ 80 ಉಳಿದಿತ್ತೆಂದರೆ ಆ ಯಂತ್ರದ ನಿಜವಾದ ತಡ 210 ಎಂದಾಯಿತು. ತಿದ್ದುಪಡಿಯನ್ನು 210ಕ್ಕೆ ಬದಲಾಯಿಸಿದೆವು. ಅಜ್ಜ ಮತ್ತೆ ಗವಸು ತೆಗೆದು ನುಡಿಸಿದರು. ಕೇಳಿಸಿದಾಗ ಪೆಟ್ಟಿನ ಮೇಲೆ ಪೆಟ್ಟು ಕುಳಿತಿತ್ತು. ಅವರು ಪೂರ್ತಿ ಕೇಳಿ ಮುಗಿಸಿ, "ಹಾಗಾದರೆ ಕೈ ಸರಿ ಉಂಟು" ಎಂದು ತಮಗೆ ತಾವೇ ಹೇಳಿಕೊಂಡು, ಬಳಿಕ ಕಂಪ್ಯೂಟರಿನ ಕಡೆ ತಿರುಗಿ, "ಇವನಿಗೆ ತಾಳ ಹೇಳಿಕೊಟ್ಟ ಗುರು ಯಾರು?" ಎಂದು ಕೇಳಿದರು. ಹುಡುಗರು ನಕ್ಕು ನಕ್ಕು ಸುಸ್ತಾದರು.

ಯಂತ್ರದ ಸಂಗತಿ ಹಾಗಿರಲಿ, ಮನುಷ್ಯನೇ ಮಾಪಕನಾಗಿದ್ದ ಕಾಲದಲ್ಲಿಯೂ ಇಂಥದೊಂದು ಪ್ರಕರಣ ನಡೆದಿದೆ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ನಕ್ಷತ್ರವೊಂದು ದೂರದರ್ಶಕದ ಗೆರೆಯನ್ನು ದಾಟುವ ಹೊತ್ತನ್ನು, ಗಡಿಯಾರದ ಟಿಕ್ ಟಿಕ್ ಕೇಳುತ್ತ, ಕಣ್ಣಂದಾಜಿನಿಂದ ಬರೆದಿಡುತ್ತಿದ್ದರು. ಅಲ್ಲಿನ ಮುಖ್ಯ ಖಗೋಳಜ್ಞ ಮಾಸ್ಕಲೀನನಿಗೆ ತನ್ನ ಸಹಾಯಕ ಕಿನ್ನೆಬ್ರೂಕನ ಲೆಕ್ಕ ತನ್ನದಕ್ಕಿಂತ ಸುಮಾರು 0.8 ಸೆಕೆಂಡು ತಡವಾಗಿರುವುದು ಕಂಡುಬಂತು. ತಿದ್ದಿಕೊಳ್ಳಲು ಹೇಳಿದರೂ ಸರಿಹೋಗಲಿಲ್ಲ. 1796ರಲ್ಲಿ ಕಿನ್ನೆಬ್ರೂಕ್ ಕೆಲಸ ಕಳೆದುಕೊಂಡ. ಮುಂದೆ ಬೆಸೆಲ್ ಎಂಬ ಜರ್ಮನಿಯ ಖಗೋಳಜ್ಞ ಈ ಪ್ರಕರಣವನ್ನು ಓದಿ, ತಡ ಅವನೊಬ್ಬನದೇ ಏಕಾಗಿರಬೇಕು ಎಂದು ಯೋಚಿಸಿದ. ತಾನೂ ತನ್ನಂಥ ಬೇರೆ ನುರಿತವರೂ ಅವವೇ ನಕ್ಷತ್ರಗಳನ್ನು ನೋಡಿ ಬರೆದ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದ. 1820ರ ದಶಕದ ಆ ಹೋಲಿಕೆಗಳಲ್ಲಿ ಒಂದು ಸೆಕೆಂಡಿಗೂ ಮಿಕ್ಕಿದ ವ್ಯತ್ಯಾಸಗಳು ಕಂಡವು. ಪ್ರತಿಯೊಬ್ಬನಿಗೂ ಅವನದೇ ಆದ ತಡವಿದೆ, ಅದನ್ನು ಅಳೆದು ಲೆಕ್ಕದಲ್ಲಿ ಕಳೆಯಬೇಕು ಎಂಬುದು ಹೀಗೆ ಹೊರಗೆ ಬಂತು. ಕಿನ್ನೆಬ್ರೂಕ್ 1802ರಲ್ಲಿಯೇ ತೀರಿಕೊಂಡಿದ್ದ.

ಬೆಸೆಲ್ ಮಾಡಿದುದರಲ್ಲಿ ಹೊಸ ಯಂತ್ರವೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಬೇರೆ ಬೇರೆ ಜನರ ಫಲಿತಾಂಶಗಳನ್ನು ಒಂದೆಡೆ ತಂದ, ಅಷ್ಟೆ. ಒಂದೇ ಫಲಿತಾಂಶ ಇದ್ದಾಗ ಅದು ಒಬ್ಬನ ತಪ್ಪಿನಂತೆ ಕಾಣುತ್ತದೆ. ನೂರು ಫಲಿತಾಂಶ ಇದ್ದಾಗ ಅದು ಪ್ರಕೃತಿಯ ಒಂದು ಗುಣವಾಗಿ ಕಾಣುತ್ತದೆ.

ನಮ್ಮ ಹುಡುಗರಿಗೂ ಅದೇ ಆಸೆ ಹುಟ್ಟಿತು. ಶಾಲೆಯ ಎಲ್ಲ ಕಂಪ್ಯೂಟರುಗಳ ತಡವೂ ಒಂದೆಯೇ? ಮನೆಯದರದು ಎಷ್ಟು? ಅಕ್ಕನ ಮೊಬೈಲಿನದು ಎಷ್ಟು? ಇನ್ನೂರು ಪುಟದ ಒಂದು ನೋಟು ಪುಸ್ತಕ ತಂದು ಗೆರೆ ಹಾಕಿದರು. ಮೊದಲಿಗೆ ಎರಡೇ ಕಾಲಂ: ಯಂತ್ರದ ಹೆಸರು, ತಡ ಎಷ್ಟು. ಒಂದು ವಾರದೊಳಗೆ ಆ ಪುಟ ಜಗಳದ ಕಟ್ಟೆಯಾಯಿತು. ಒಂದೇ ಅಂಗಡಿಯಿಂದ ಒಂದೇ ದಿನ ಕೊಂಡ, ಒಂದೇ ಮಾದರಿಯ ಎರಡು ಲ್ಯಾಪ್‌ಟಾಪುಗಳ ಎದುರು ಒಬ್ಬ 42 ಎಂದು ಬರೆದರೆ ಇನ್ನೊಬ್ಬ 115 ಎಂದು ಬರೆದಿದ್ದ. ನಿನ್ನದು ಸುಳ್ಳು, ನಿನ್ನದು ಸುಳ್ಳು ಎಂದು ಇಬ್ಬರೂ ವಾದಿಸಿದರು. ಇಬ್ಬರದೂ ನಿಜವಾಗಿತ್ತು. ಒಬ್ಬನ ಬಫರು 512, ಇನ್ನೊಬ್ಬನದು 2048. ಬಫರಿಗೆ ಒಂದು ಕಾಲಂ ಸೇರಿತು. ಆಮೇಲೆ ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬುದಕ್ಕೆ ಒಂದು. ಏಕೆಂದರೆ ಅದೇ 512, ಸೆಕೆಂಡಿಗೆ 44,100 ಆದಾಗ 11.6 ಮಿಲಿಸೆಕೆಂಡು, 48,000 ಆದಾಗ 10.7. ಯಾವ ಆಪರೇಟಿಂಗ್ ಸಿಸ್ಟಂ, ಎಷ್ಟನೆಯ ಆವೃತ್ತಿ ಎಂಬುದಕ್ಕೆ ಒಂದು. ವಯರೋ, ಯುಎಸ್‌ಬಿಯೋ, ಬ್ಲೂಟೂತೋ? ಬೇರೆ ಯಾವ ತಂತ್ರಾಂಶಗಳು ತೆರೆದಿದ್ದವು? ಎಷ್ಟು ಸಲ ಅಳೆದದ್ದು? ಸದ್ದು ಒಡೆಯಿತೇ ಇಲ್ಲವೇ? ಈ ಕೊನೆಯ ಕಾಲಂ ಬಂದುದು ಹತ್ತನೆಯ ತರಗತಿಯ ಒಬ್ಬ ಮಹಾಶಯ 64ರ ಬಫರಿನಲ್ಲಿ 9 ಮಿಲಿಸೆಕೆಂಡು ಸಾಧಿಸಿ ಎಲ್ಲರನ್ನೂ ಸೋಲಿಸಿದ ಮೇಲೆ. ಅವನು ಮುದ್ರಿಸಿದುದನ್ನು ಕೇಳಿದರೆ ಟಕ್ ಸದ್ದಿಗಿಂತ ಸಾಸಿವೆ ಸಿಡಿಯುವುದೇ ಹೆಚ್ಚಾಗಿತ್ತು. ನೋಟು ಪುಸ್ತಕ ಅಡ್ಡಲಾಗಿ ಹಿಡಿದು ಬರೆಯುವಂತಾಯಿತು.

ಎಂಟನೆಯ ತರಗತಿಯ ಒಬ್ಬಳು ತನ್ನ ಫಲಿತಾಂಶವನ್ನು ಎರಡು ದಿನ ತೋರಿಸಲೇ ಇಲ್ಲ. ಕೇಳಿದರೆ, "ಕೆಟ್ಟುಹೋಗಿದೆ ಮಾಷ್ಟ್ರೇ, ಋಣ 90 ಬಂದಿದೆ" ಎಂದಳು. ಅಂದರೆ ನುಡಿಸುವುದಕ್ಕಿಂತ 90 ಮಿಲಿಸೆಕೆಂಡು ಮೊದಲೇ ಸದ್ದು ಮುದ್ರಿತವಾಗಿತ್ತು! ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು. ಕೆಟ್ಟದ್ದೇನೂ ಇರಲಿಲ್ಲ. ಅವಳ ಯಂತ್ರದ ನಿಜವಾದ ತಡ 40 ಮಾತ್ರ. ತಂತ್ರಾಂಶ ಮಾಮೂಲಿನಂತೆ 130 ಕಳೆದಿತ್ತು. ಅಂದಿನಿಂದ ತಿದ್ದುಪಡಿಯ ಅಂಕೆಗೂ ಒಂದು ಕಾಲಂ ಬಂತು. ಅವಳು ನಾಚಿ ಮುಚ್ಚಿಟ್ಟಿದ್ದ ಆ ಅಂಕೆಯಿಂದಲೇ ಅದಕ್ಕೆ ಹಿಂದೆ ಬರೆದ ಹದಿನಾಲ್ಕು ಸಾಲುಗಳ ಅರ್ಥ ಸ್ಪಷ್ಟವಾಯಿತು.

ಇನ್ನೊಬ್ಬ ಹುಡುಗನ ಮನೆಯಲ್ಲಿ ಹಳೆಯ ಕಂಪ್ಯೂಟರು. ಅವನ ತಂದೆ ಯಾವುದೋ ಕಚೇರಿ ವಿಲೇವಾರಿ ಮಾಡಿದುದನ್ನು ಅಗ್ಗಕ್ಕೆ ಕೊಂಡು ತಂದುದು. "ನಮ್ಮದು ಬರೆಯುವುದು ಬೇಡ" ಎಂದು ಅವನು ಹಿಂದೆ ಸರಿದಿದ್ದ. ಹುಡುಗರೇ ಅವನ ಮನೆಗೆ ವಯರು ಹಿಡಿದುಕೊಂಡು ಹೋದರು. ಶಾಲೆಯಲ್ಲಿರುವಂಥದೇ ಲಿನಕ್ಸ್ ಹಾಕಿ, ಬಫರನ್ನು 256ಕ್ಕೆ ಇಟ್ಟು ಅಳೆದಾಗ ಬಂದುದು 18 ಮಿಲಿಸೆಕೆಂಡು, ಸದ್ದು ಒಡೆಯದೆ. ಅದೇ ವಾರ ಗಲ್ಫಿನಿಂದ ಬಂದ ಹೊಚ್ಚ ಹೊಸ ಮೊಬೈಲಿನಲ್ಲಿ, ಕಿವಿಗೆ ಬ್ಲೂಟೂತ್ ಹಾಕಿ ಅಳೆದಾಗ ಬಂದುದು 260. ವಯರಿಲ್ಲದ ಈ ಸಾಧನಗಳು ಸದ್ದನ್ನು ಹಿಂಡಿ ಮೂಟೆ ಕಟ್ಟಿ ಕಳಿಸಿ ಆ ಕಡೆ ಬಿಚ್ಚಬೇಕಾದುದರಿಂದ ಇಷ್ಟು ತಡ ಸಾಮಾನ್ಯ. ಹಾಡು ಕೇಳಲು ಅಡ್ಡಿಯಿಲ್ಲ. ಹಾಡಿಗೆ ಜತೆಯಾಗಿ ನುಡಿಸಲು ಆಗುವುದಿಲ್ಲ. ಹಳೆಯ ಕಂಪ್ಯೂಟರಿನ ಒಡೆಯ ಅಂದಿನಿಂದ ನೋಟು ಪುಸ್ತಕದ ಮೇಲ್ವಿಚಾರಕನಾದ.

260 ಎಂಬುದು ಬರಿಯ ಅಂಕೆಯಾಗಿದ್ದರೆ ಅದರ ತೂಕ ತಿಳಿಯುವುದಿಲ್ಲ. ಆದುದರಿಂದ ಒಂದು ದಿನ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಪಡೆದ ವಿದ್ಯಾರ್ಥಿನಿಯ ಕಿವಿಗೆ ಹೆಡ್‌ಫೋನ್ ಇಟ್ಟು, ಅವಳ ಧ್ವನಿಯೇ ಅವಳಿಗೆ 200 ಮಿಲಿಸೆಕೆಂಡು ತಡವಾಗಿ ಕೇಳುವಂತೆ ಮಾಡಿ, ಪಾಠದ ಒಂದು ಪುಟವನ್ನು ಓದಿಸಿದೆವು. ಮೂರನೆಯ ಸಾಲಿಗೆ ನಾಲಗೆ ತೊಡರಿತು. ಐದನೆಯ ಸಾಲಿಗೆ ಅವಳು ನಗುತ್ತ ಹೆಡ್‌ಫೋನ್ ಕಿತ್ತಿಟ್ಟಳು. ತನ್ನ ಮಾತು ತನಗೇ ಸುಮಾರು ಕಾಲು ಸೆಕೆಂಡಿನಷ್ಟು ತಡವಾಗಿ ಕೇಳಿದರೆ ಸರಾಗವಾಗಿ ಮಾತಾಡುವವನೂ ತೊದಲುತ್ತಾನೆ ಎಂಬುದನ್ನು ಅಮೆರಿಕದ ಬರ್ನಾರ್ಡ್ ಲೀ ಎಂಬವರು 1950ರಲ್ಲಿ ಪ್ರಕಟಿಸಿದ್ದರು. ಎಪ್ಪತ್ತು ವರ್ಷಗಳಿಗೂ ಹಳೆಯ ಆ ಮಾತನ್ನು ನಮ್ಮ ಪ್ರಯೋಗಾಲಯದಲ್ಲಿ ಐದೇ ಸಾಲಿನಲ್ಲಿ ಕಂಡಂತಾಯಿತು.

ಶಾಲೆಯ ಹಳೆಯ ವಿದ್ಯಾರ್ಥಿಗಳಿಗೂ ಸುದ್ದಿ ಹೋಯಿತು. ಮಂಗಳೂರಿನಿಂದ, ಬೆಂಗಳೂರಿನಿಂದ, ದುಬಾಯಿಯಿಂದ ಫಲಿತಾಂಶಗಳು ಬರತೊಡಗಿದವು. ಇವುಗಳಲ್ಲಿ ಎರಡು ಬಗೆ. ಕೆಲವರು ಹತ್ತು ಸಲ ಅಳೆದು ತೀರ ಕಡಿಮೆ ಬಂದ ಒಂದನ್ನು ಮಾತ್ರ ಕಳಿಸಿದರು, ಪರೀಕ್ಷೆಯ ಅಂಕಪಟ್ಟಿಯಂತೆ. ಇಂಥವುಗಳಿಂದ ಕಳಿಸಿದವರಿಗೆ ಸಂತೋಷವಾಗುತ್ತದೆ, ಬೇರೆ ಪ್ರಯೋಜನ ಕಡಿಮೆ. ಒಬ್ಬರು ಮಾತ್ರ ಹತ್ತನ್ನೂ ಬರೆದು ಕಳಿಸಿದ್ದರು. ಅವುಗಳಲ್ಲಿ ಒಂಬತ್ತು ಒಂದರ ಹತ್ತಿರ ಒಂದಿದ್ದು ಹತ್ತನೆಯದು ಇಮ್ಮಡಿ. "ಇದು ಏಕೆ ಹೀಗಾಯಿತೆಂದು ನನಗೆ ತಿಳಿಯದು, ಆದರೂ ಬಂದದ್ದು ಹೌದು" ಎಂದು ಕೆಳಗೆ ಬರೆದಿದ್ದರು. ನಮ್ಮ ಇಡೀ ಪುಸ್ತಕದಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಸಾಲು ಇದು. ವಿಚಿತ್ರವೆಂದರೆ ಮುಂದೆ ಇನ್ನಿಬ್ಬರಿಗೆ ಅದೇ ಆವೃತ್ತಿಯಲ್ಲಿ ಅದೇ ಬಗೆಯ ಇಮ್ಮಡಿ ಬಂತು. ಮೂವರೂ ತಮಗಷ್ಟೇ ಹೀಗಾದುದೆಂದು ಸುಮ್ಮನಿದ್ದಿದ್ದರೆ ಅದು ಎಂದಿಗೂ ಬೆಳಕಿಗೆ ಬರುತ್ತಿರಲಿಲ್ಲ.

ದುಬಾಯಿಯ ಮಾತು ಬಂದುದರಿಂದ, ಮಕ್ಕಳು ಪದೇ ಪದೇ ಕೇಳುವ ಒಂದು ಪ್ರಶ್ನೆಗೆ ಉತ್ತರಿಸಿ ಮುಂದೆ ಹೋಗುತ್ತೇನೆ. ಅಲ್ಲಿರುವ ಅಣ್ಣನೂ ಇಲ್ಲಿರುವ ತಂಗಿಯೂ ಕಂಪ್ಯೂಟರಿನ ಮೂಲಕ ಒಟ್ಟಿಗೆ ಭಜನೆ ಹಾಡಬಹುದೇ? 2004ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಮತ್ತು ಅವರ ಸಂಗಡಿಗರು ಇದಕ್ಕೆ ಸಂಬಂಧಿಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಒಬ್ಬರ ಸದ್ದು ಇನ್ನೊಬ್ಬರಿಗೆ ಬೇಕಾದಷ್ಟು ತಡವಾಗಿ ಕೇಳುವಂತೆ ಮಾಡಿ, ಚಪ್ಪಾಳೆಯಲ್ಲಿ ತಾಳ ಹಾಕಿಸಿದರು. ತಡ ಸುಮಾರು 11.5 ಮಿಲಿಸೆಕೆಂಡಿಗಿಂತ ಹೆಚ್ಚಾದರೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕಾಯುತ್ತ ತಾಳ ನಿಧಾನವಾಗುತ್ತ ಹೋಯಿತು. ಅದಕ್ಕಿಂತ ಕಡಿಮೆಯಾದರೆ, ಆಶ್ಚರ್ಯವೆಂಬಂತೆ, ತಾಳ ಸ್ವಲ್ಪ ಸ್ವಲ್ಪವಾಗಿ ಓಡತೊಡಗಿತು! 11.5 ಮಿಲಿಸೆಕೆಂಡಿನಲ್ಲಿ ಸದ್ದು ನಮ್ಮ ಗಾಳಿಯಲ್ಲಿ ಸಾಗುವುದು ನಾಲ್ಕು ಮೀಟರು. ಒಂದು ಸಾಧಾರಣ ಕೋಣೆಯ ಅಳತೆ ಅದು. ಸ್ವಲ್ಪ ತಡವೂ ಬೇಕೆಂದೇ ನಮ್ಮ ಕಿವಿ ಒಗ್ಗಿಕೊಂಡಿರುವಂತೆ ತೋರುತ್ತದೆ.

ಇನ್ನು ದುಬಾಯಿ. ನಮ್ಮ ಕರಾವಳಿಯಿಂದ ಅಲ್ಲಿಗೆ ನೇರ ಗೆರೆ ಎಳೆದರೂ ಸುಮಾರು 2,500 ಕಿಲೋಮೀಟರು. ಗಾಜಿನ ಎಳೆಯೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು. ಭಾಗಿಸಿ ನೋಡಿ: 12.5 ಮಿಲಿಸೆಕೆಂಡು. ಎರಡೂ ಕಡೆಯ ಕಂಪ್ಯೂಟರುಗಳ ದೋಣಿಗಳನ್ನು ಪೂರ್ತಿ ಇಲ್ಲವಾಗಿಸಿದರೂ, ತಂತಿ ಎಲ್ಲಿಯೂ ಬಳಸದೆ ನೇರವಾಗಿ ಹೋದರೂ, ಬೆಳಕೇ ಹೊತ್ತುಕೊಂಡು ಓಡಿದರೂ, ಆ 11.5ರ ಗೆರೆಯನ್ನು ಒಂದು ಮಿಲಿಸೆಕೆಂಡಿನಿಂದ ದಾಟಿಯೇ ಬಿಡುತ್ತದೆ. ನಿಧಾನದ ಭಜನೆಯನ್ನು ಹೇಗೋ ಸುಧಾರಿಸಿಕೊಂಡು ಹಾಡಿಯಾರು. ವೇಗದ ಪದ್ಯಕ್ಕೆ ಮದ್ದಳೆ ನುಡಿಸುವುದು ಆಗದ ಕೆಲಸ. ಬೆಂಗಳೂರಿನ ಅಣ್ಣನಾದರೆ ದೂರ ಅಡ್ಡಿಯಲ್ಲ. ನಾನೂರು ಕಿಲೋಮೀಟರಿಗೆ ಎರಡೇ ಮಿಲಿಸೆಕೆಂಡು. ಅಲ್ಲಿ ಅಡ್ಡಿ ಬರುವುದು ಎರಡು ತುದಿಗಳ ಕಂಪ್ಯೂಟರುಗಳೂ ನಡುವಿನ ಜಾಲದ ತಿರುವುಗಳೂ. 2020ರ ಲಾಕ್‌ಡೌನಿನಲ್ಲಿ ಮನೆಮನೆಗಳಿಂದ ಹಾಡಲು ಹೊರಟವರಿಗೆಲ್ಲ ಈ ಅನುಭವ ಆಯಿತು. ಮಾತಿನ ಸಭೆಗಳಿಗಾಗಿ ಇರುವ ತಂತ್ರಾಂಶಗಳಲ್ಲಿ ತಾಳಮದ್ದಳೆಯ ಅರ್ಥಗಾರಿಕೆ ನಡೆಯಿತು, ಏಕೆಂದರೆ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡುತ್ತಾರೆ. ಬೇರೆ ಬೇರೆ ಮನೆಗಳಿಂದ ಪದ್ಯಕ್ಕೆ ಮದ್ದಳೆ ಕೂಡಿಸಲು ಹೊರಟರೆ ಹದಗೆಟ್ಟಿತು. ಸಂಗೀತಗಾರರಿಗಾಗಿಯೇ ಮಾಡಿದ ಜಾಮ್ಯುಲಸ್, ಜ್ಯಾಕ್‌ಟ್ರಿಪ್ ಎಂಬ ತಂತ್ರಾಂಶಗಳು ಆ ಹೊತ್ತಿಗೆ ಹಲವು ದೇಶಗಳ ಗಾಯಕರಿಗೆ ನೆರವಾದವು. ಅವುಗಳಲ್ಲಿಯೂ ಮೊದಲು ಮಾಡಬೇಕಾದ ಕೆಲಸ ನಮ್ಮ ನಮ್ಮ ಯಂತ್ರದ ತಡವನ್ನು ಅಳೆದು ತಗ್ಗಿಸಿಕೊಳ್ಳುವುದೇ.

ಮನೆಯಲ್ಲಿ ಈ ಪ್ರಯೋಗ ಮಾಡಬಯಸುವ ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು. ವಯರು ಸಿಕ್ಕಿಸುವ ಮೊದಲು ಸದ್ದಿನ ಮಟ್ಟವನ್ನು ಪೂರ್ತಿ ಇಳಿಸಿ, ಬಳಿಕ ಅಲೆಯ ಚಿತ್ರ ಕಾಣಿಸುವಷ್ಟೇ ಏರಿಸಬೇಕು. ಮೈಕಿನ ತೂತು ಕ್ಷೀಣವಾದ ಸದ್ದಿಗಾಗಿ ಇರುವುದು. ಅದಕ್ಕೆ ಜೋರಿನ ಸದ್ದು ಕೊಡಬಾರದು. ಲ್ಯಾಪ್‌ಟಾಪಿನಲ್ಲಿ ಎರಡಕ್ಕೂ ಒಂದೇ ತೂತು ಇದ್ದರೆ ಬರಿಯ ವಯರು ಕೆಲಸ ಮಾಡದು, ಅದನ್ನು ಎರಡಾಗಿ ಕವಲೊಡೆಸುವ ಸಣ್ಣ ಸಾಧನ ಬೇಕು. ಅದೂ ಇಲ್ಲದಿದ್ದರೆ ಸ್ಪೀಕರಿನ ಬಾಯಿಗೆ ಮೈಕನ್ನು ಹಿಡಿದು ಅಳೆಯಬಹುದು. ನಡುವಿನ ದೂರಕ್ಕೆ 35 ಸೆಂಟಿಮೀಟರಿಗೆ ಒಂದರಂತೆ ಮಿಲಿಸೆಕೆಂಡು ಕಳೆದರಾಯಿತು. ಆಗ ಮನೆಯವರು ಹತ್ತು ನಿಮಿಷ ಮಿಕ್ಸಿ ನಿಲ್ಲಿಸುವಂತೆ ವಿನಂತಿಸಿಕೊಳ್ಳಬೇಕು. ಐದು ಸಲವಾದರೂ ಅಳೆದು, ಐದನ್ನೂ ಬರೆಯಬೇಕು. ದೊಡ್ಡ ಅಂಕೆ ಬಂದರೆ ಅಳಿಸಬಾರದು. ಋಣ ಸಂಖ್ಯೆ ಬಂದರೆ ಗಾಬರಿಯಾಗಬಾರದು. ತಿದ್ದುಪಡಿ ಎಷ್ಟಿದೆ ಎಂದು ನೋಡಿ ಅದನ್ನೂ ಪಕ್ಕದಲ್ಲಿ ಬರೆಯಬೇಕು.

ನೋಟು ಪುಸ್ತಕ ವಿಜ್ಞಾನ ಪ್ರಯೋಗಾಲಯದ ಎಡಗಡೆಯ ಕಪಾಟಿನಲ್ಲಿದೆ. ಎರಡು ವಯರುಗಳೂ ಒಂದು ಕವಲುಸಾಧನವೂ ಅದರ ಜತೆಗಿವೆ. ಹೆಸರು ಬರೆದಿಟ್ಟು ಮನೆಗೆ ಒಯ್ಯಬಹುದು. ಈ ಲೇಖನವನ್ನು ಅಚ್ಚಿಗೆ ಕೊಡುವ ಹೊತ್ತಿಗೆ 63 ಸಾಲುಗಳು ತುಂಬಿವೆ. ಇವುಗಳಲ್ಲಿ ಮೊಬೈಲುಗಳದು ಒಂಬತ್ತು ಮಾತ್ರ, ಯುಎಸ್‌ಬಿ ಮೈಕಿನದು ಎರಡೇ ಎರಡು. ಇಂಥವು ಮನೆಯಲ್ಲಿ ಇದ್ದವರು ದಯಮಾಡಿ ಮೊದಲು ಬರಬೇಕು.